ತೆರೆಯದ ಫೋಟೊ, ಹೆಸರಿಲ್ಲದ ಮುಖ

ಸ್ವಲ್ಪ ಉದ್ದದ ಬರಹ, ಬಿಡುವಾದಾಗ ಪೂರ್ತಿ ಓದಿ.

ಏಪ್ರಿಲ್ 14 ಹತ್ತಿರ ಬಂತು ಅಂದ್ರೆ ನಮ್ಮ ಮಾಂಬಳ್ಳಿ, ಯಳಂದೂರು, ಕೊಳ್ಳೇಗಾಲ, ಹನೂರು ಕಡೆ ಹುಡುಗರಿಂದ ಒಂದೇ ಥರದ ಫೋನು. "ಅಣ್ಣ, ಹಳೇ ಜಯಂತಿ ಫೋಟೊ ಬ್ಯಾನರ್‌ಗೆ ಬೇಕಾಗಿತ್ತು. ಫೈಲ್ ಅದೆ, ಓಪನ್ ಆಯ್ತಾ ಇಲ್ಲ. ವಸಿ ನೋಡಿ." ಯಾವುದೋ ಹಳೇ ಸಿ.ಡಿ., ಯಾವುದೋ ಮೆಮೊರಿ ಕಾರ್ಡು, ಸತ್ತುಹೋದ ಅಪ್ಪನ ಮೊಬೈಲು. ಮೊದಲ ಜಾಥಾ, ಮೊದಲ ನಾಮಫಲಕ, ದೇವಸ್ಥಾನದ ಬಾಗಿಲಲ್ಲಿ ನಿಂತ ದಿನ, ಎಲ್ಲಾ ಅದರೊಳಗಿದೆ. ಕಂಪ್ಯೂಟರು ಮಾತ್ರ "ಈ ಫೈಲ್ ತೆರೆಯಲು ಆಗುವುದಿಲ್ಲ" ಅಂತ ಒಂದು ಸಾಲು ತೋರಿಸಿ ಸುಮ್ಮನಾಗ್ತದೆ. ಮುಕ್ಕಾಲುಪಾಲು ಜನ ಅಲ್ಲಿಗೇ ಡಿಲೀಟ್ ಒತ್ತಿಬಿಡ್ತಾರೆ.

ಒತ್ತಬೇಡಿ. ತೆರೆಯದ ಫೈಲು ಸತ್ತ ಫೈಲಲ್ಲ. ಎಷ್ಟೋ ಸಲ ಒಳಗಿನ ಚಿತ್ರ ಹಾಗೇ ಇರ್ತದೆ, ಅದನ್ನು ಓದಲು ಬೇಕಾದ ತಲೆಬರಹ ಮಾತ್ರ ಕೆಟ್ಟಿರ್ತದೆ. ಇದು ಬರೀ ಕಂಪ್ಯೂಟರ್ ವಿಚಾರ ಅಂದುಕೊಳ್ಳಬೇಡಿ. ನಮ್ಮ ಚರಿತ್ರೆಗೆ ಆಗಿರೋದೂ ಇದೇ.

ಮೊದಲು ನಮ್ಮ ಜನರ ಫೋಟೊಗಳ ಕಥೆ ನೋಡೋಣ.

ನಮ್ಮನ್ನು ಮೊಟ್ಟಮೊದಲು ಫೋಟೊ ತೆಗೆದವರು ನಮಗೋಸ್ಕರ ತೆಗೆಯಲಿಲ್ಲ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ 'ದಿ ಪೀಪಲ್ ಆಫ್ ಇಂಡಿಯಾ' ಅಂತ ಎಂಟು ಸಂಪುಟ ತಂದಿತು. ಈ ದೇಶದ ಜನರನ್ನು ಜಾತಿ, ಬುಡಕಟ್ಟು ಅಂತ ವಿಂಗಡಿಸಿ ಫೋಟೊ ಅಂಟಿಸಿದ ಪುಸ್ತಕ. ಆಮೇಲೆ 1909ರಲ್ಲಿ ಮದ್ರಾಸಿನ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿ ಸೇರಿ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಮೇಲೆ ಏಳು ಸಂಪುಟ ತಂದರು. ಈ ಥರ್ಸ್ಟನ್ ಮನುಷ್ಯರ ಮೂಗು, ತಲೆ ಅಳತೆ ಮಾಡುತ್ತಿದ್ದ ಮನುಷ್ಯ. ಮೈಸೂರು ಸೀಮೆಯಲ್ಲಿ ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ 'ಮೈಸೂರ್ ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್' ನಾಲ್ಕು ಸಂಪುಟ 1928ರಿಂದ 1935ರ ನಡುವೆ ಬಂತು.

ನಮ್ಮ ಸೀಮೆಯ ವಿಚಿತ್ರ ಗಮನಿಸಿ. ಯಳಂದೂರು ಮೈಸೂರು ಸಂಸ್ಥಾನದೊಳಗೆ, 1807ರಲ್ಲಿ ದಿವಾನ್ ಪೂರ್ಣಯ್ಯನಿಗೆ ಜಹಗೀರಾಗಿ ಕೊಟ್ಟ ಊರು. ಪಕ್ಕದ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಮೈಸೂರಿಗೆ ಬಂದದ್ದು 1956ರ ನವೆಂಬರ್ 1ಕ್ಕೆ. ಹಂಗಾಗಿ ಮಾಂಬಳ್ಳಿಯ ನಮ್ಮಜ್ಜ ಮೈಸೂರಿನವರ ಪುಸ್ತಕಕ್ಕೆ ಸೇರಿದ, ಕೊಳ್ಳೇಗಾಲದ ನೆಂಟ ಮದ್ರಾಸಿನವರ ಪುಸ್ತಕಕ್ಕೆ ಸೇರಿದ. ಹೆಣ್ಣು ಕೊಟ್ಟು ತಂದ ಒಂದೇ ಬಳಗ, ಲೆಕ್ಕ ಬರೆದವರು ಇಬ್ಬರು.

ಎರಡೂ ಕಡೆ ಒಂದು ಮಾತ್ರ ಸಮ. ಫೋಟೊದ ಕೆಳಗೆ ಹೆಸರು ಇರಬೇಕಾದ ಜಾಗದಲ್ಲಿ ಬಹಳಷ್ಟು ಕಡೆ ಜಾತಿ ಇದೆ. ಮುಖ ಇದೆ, ಕಣ್ಣಿದೆ, ಮೈಮೇಲಿನ ಬಟ್ಟೆ ಇದೆ. ಯಾರ ಮಗ, ಯಾವ ಊರು, ಏನು ಹೆಸರು, ಒಂದೂ ಇಲ್ಲ. ಕಂಪ್ಯೂಟರ್ ಭಾಷೇಲಿ ಹೇಳೋದಾದ್ರೆ ಚಿತ್ರ ಸರಿಯಾಗಿದೆ, ತಲೆಬರಹ ತಪ್ಪಾಗಿದೆ. ಬೇಕಂತಲೇ ತಪ್ಪು ಬರೆದದ್ದು.

ಆಮೇಲೆ ಸ್ಟುಡಿಯೊ ಕಾಲ. ಮದುವೆಗೊಂದು, ಶಾಲೆಯ ಗುಂಪಿನಲ್ಲೊಂದು, ಅಷ್ಟೇ. ಫೋಟೊ ನಮ್ಮ ಗೋಡೆಗೆ ಬಂದರೂ ನೆಗೆಟಿವ್ ಸ್ಟುಡಿಯೊದವನ ಹತ್ತಿರವೇ. 1973ರ ಬೂಸಾ ಪ್ರಕರಣ, ಅದರ ಬೆನ್ನಿಗೆ ಬೆಳೆದ ದಲಿತ ಸಂಘರ್ಷ ಸಮಿತಿ, ಹಳ್ಳಿ ಹಳ್ಳಿಗೆ ಬಂದ ಜಾಥಾ, ಬೀದಿ ನಾಟಕ, ಹೋರಾಟದ ಹಾಡು: ಅಷ್ಟು ದೊಡ್ಡ ಚಳವಳಿಗೆ ನಮ್ಮ ಕೈಲಿರುವ ಫೋಟೊ ಎಷ್ಟು? ಆವತ್ತು ಕ್ಯಾಮೆರಾ ಇದ್ದವನ ಮನೆ ನಮ್ಮ ಕೇರಿಯಲ್ಲಿರಲಿಲ್ಲ. ರೋಲ್‌ಗೆ ದುಡ್ಡು, ತೊಳೆಸೋಕೆ ದುಡ್ಡು, ಪ್ರಿಂಟಿಗೆ ದುಡ್ಡು.

2000ದ ಆಚೆ ಡಿಜಿಟಲ್ ಕ್ಯಾಮೆರಾ, ಆಮೇಲೆ ಮೊಬೈಲು ಬಂತು. ಮೊದಲ ಸಲ ನಮ್ಮ ಹುಡುಗರ ಕೈಗೆ ಕ್ಯಾಮೆರಾ ಸಿಕ್ತು. ಇದರ ಬೆಲೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. 2022ರ ನವೆಂಬರ್‌ನಲ್ಲಿ ಹೆಗ್ಗೋಠಾರದಲ್ಲಿ ದಲಿತ ಹೆಣ್ಣುಮಗಳು ತೊಂಬೆಯ ನೀರು ಕುಡಿದಳು ಅಂತ ನೀರು ಬಿಟ್ಟು ಗಂಜಲ ಹಾಕಿ ತೊಳೆದ ಸುದ್ದಿ ಹೊರಗೆ ಬಂದಾಗ, ಮೊಬೈಲಿನ ದೃಶ್ಯ ಇಲ್ಲದಿದ್ದರೆ ಎಷ್ಟು ಜನ ನಂಬುತ್ತಿದ್ದರು? "ಅಂಥಾದ್ದೇನೂ ನಮ್ಮೂರಲ್ಲಿ ಇಲ್ಲ" ಅನ್ನೋ ಮಾತು ತುದಿನಾಲಿಗೆಯಲ್ಲೇ ಇರ್ತದೆ. ಫೋಟೊ ಆ ಮಾತಿಗೆ ಅಡ್ಡ ನಿಲ್ತದೆ. ಅದಕ್ಕೇ ಒಂದು ಫೋಟೊ ತೆರೆಯದೇ ಹೋದರೆ ನಮಗಾಗುವ ನಷ್ಟ ಬೇರೆಯವರ ನಷ್ಟಕ್ಕಿಂತ ದೊಡ್ಡದು. ಅವರ ಚರಿತ್ರೆಗೆ ಶಾಸನ ಇದೆ, ಗೆಜೆಟಿಯರ್ ಇದೆ, ಅರಮನೆ ಇದೆ. ನಮ್ಮದು ಹತ್ತು ರೂಪಾಯಿಯ ಸಿ.ಡಿ.ಯಲ್ಲಿದೆ.

ಈಗ ಆ ಫೈಲಿನ ಒಳಗೇನಿದೆ ನೋಡೋಣ.

ನಮ್ಮ ಬಹುಪಾಲು ಫೋಟೊಗಳು ಜೆಪೆಗ್ ಫೈಲುಗಳು. ಜೆಪೆಗ್ ಅನ್ನೋದು 1986ರಲ್ಲಿ ಕೂಡಿದ ತಜ್ಞರ ಗುಂಪಿನ ಹೆಸರು. ಅವರ ವಿಧಾನ 1992ರಲ್ಲಿ ಜಗತ್ತಿಗೆಲ್ಲಾ ಒಪ್ಪಿತವಾಯಿತು. ಅದರ ಹೊಟ್ಟೆಯೊಳಗಿನ ಗಣಿತ ಕಂಡುಹಿಡಿದವರಲ್ಲಿ ಮುಖ್ಯರು ನಮ್ಮ ಬೆಂಗಳೂರಲ್ಲೇ ಹುಟ್ಟಿ, ಇಲ್ಲೇ ಇಂಜಿನಿಯರಿಂಗ್ ಓದಿದ ನಾಸಿರ್ ಅಹ್ಮದ್. ಅಮೆರಿಕದ ಕನ್ಸಾಸ್‌ನಲ್ಲಿ ಮೇಷ್ಟ್ರಾಗಿದ್ದಾಗ 1972ರಲ್ಲಿ ಈ ಐಡಿಯಾಕ್ಕೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನಿಂದ ಹಣ ಕೇಳಿದರು. ಕೊಡಲಿಲ್ಲ. ಅವರು ಕೈಬಿಡಲಿಲ್ಲ. ಟಿ. ನಟರಾಜನ್, ಕೆ.ಆರ್. ರಾವ್ ಜತೆ ಸೇರಿ 1974ರ ಜನವರಿಯಲ್ಲಿ ಪ್ರಕಟಿಸಿದರು. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಯಾರು ಮೊಬೈಲಲ್ಲಿ ಜೆಪೆಗ್ ಫೋಟೊ ತೆಗೆದರೂ ಒಳಗೆ ಓಡುವುದು ಆ ಲೆಕ್ಕ.

ಲೆಕ್ಕ ಸುಲಭವಾಗಿ ಹೇಳ್ತೀನಿ. ಚಿತ್ರವನ್ನು ಎಂಟು ಅಡ್ಡ, ಎಂಟು ಉದ್ದದ ಚಿಕ್ಕ ಚೌಕಗಳಾಗಿ ಕತ್ತರಿಸ್ತಾರೆ, ಒಂದೊಂದರಲ್ಲಿ 64 ಚುಕ್ಕಿ. ಕಣ್ಣಿಗೆ ಬೇಕಾದ್ದನ್ನು ಇಟ್ಟುಕೊಂಡು ಅಷ್ಟಾಗಿ ಬೇಡದ್ದನ್ನು ಬಿಟ್ಟು, ಉಳಿದದ್ದನ್ನು ಒಂದೇ ಉದ್ದನೆಯ ಎಳೆಯಾಗಿ ಸುತ್ತುತ್ತಾರೆ. ನಮ್ಮ ಕಡೆಯವರಿಗೆ ರೇಷ್ಮೆ ಗೂಡು ಗೊತ್ತಲ್ಲ, ಹಂಗೆ. ಗೂಡಿನೊಳಗೆ ಎಳೆ ಒಂದೇ. ಬಿಚ್ಚಾಣಿಕೆ ಮಾಡಬೇಕಾದರೆ ತುದಿ ಸಿಗಬೇಕು. ತುದಿ ಸಿಗಲಿಲ್ಲ ಅಂದರೆ ಒಳಗೆ ಎಷ್ಟೇ ರೇಷ್ಮೆ ಇದ್ದರೂ ಕೈಗೆ ಬರಲ್ಲ.

ಜೆಪೆಗ್‌ನಲ್ಲಿ ಆ ತುದಿ ಇರುವುದು ಫೈಲಿನ ತಲೆಯಲ್ಲಿ. ಚಿತ್ರದ ಅಗಲ ಎಷ್ಟು, ಎತ್ತರ ಎಷ್ಟು, ಯಾವ ಕೋಷ್ಟಕ ಹಿಡಿದು ಸುತ್ತಿದ್ದಾರೆ, ಯಾವ ಕೋಷ್ಟಕ ಹಿಡಿದು ಬಿಚ್ಚಬೇಕು ಅಂತ ಅಲ್ಲಿ ಬರೆದಿರ್ತದೆ. ಫೈಲು ಎಫ್‌ಎಫ್ ಡಿ8 ಅನ್ನೋ ಗುರುತಿನಿಂದ ಶುರು, ಎಫ್‌ಎಫ್ ಡಿ9 ಅನ್ನೋ ಗುರುತಿಗೆ ಮುಗಿತಾಯ. ತಲೆಯ ಕೆಲವು ನೂರು ಬೈಟು ಕೆಟ್ಟರೆ ಕೆಳಗಿನ ಲಕ್ಷಾಂತರ ಬೈಟು ಸರಿಯಿದ್ದರೂ ಕಂಪ್ಯೂಟರು ಒಪ್ಪಲ್ಲ.

ಈ ಕಷ್ಟ ನಮ್ಮ ಜನಕ್ಕೆ ಹೊಸದಾ? ಜಮೀನು ಅಲ್ಲೇ ಇದೆ. ಉತ್ತು ಬಿತ್ತಿದವನು ಅಲ್ಲೇ ಇದ್ದಾನೆ. ಪಹಣಿಯಲ್ಲಿ ಹೆಸರಿಲ್ಲ, ಹಂಗಾಗಿ ಜಮೀನು ಅವನದ್ದಲ್ಲ. ಸರ್ಕಾರ ಮಂಜೂರು ಮಾಡಿದ ನಮ್ಮ ಭೂಮಿ ಕೈತಪ್ಪಿ ಹೋದದ್ದನ್ನು ವಾಪಸ್ ಕೊಡಿಸೋಕೆ 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ತಂದರು. ಆ ಕೇಸುಗಳಲ್ಲಿ ಓಡಾಡಿದವರಿಗೆ ಗೊತ್ತು, ಮೂಲ ಮಂಜೂರಾತಿಯ ಒಂದು ಹಾಳೆಗಾಗಿ ರೆಕಾರ್ಡ್ ರೂಮಿಗೆ ಎಷ್ಟು ಸಲ ಅಲೆಯಬೇಕು ಅಂತ. ಒಡಲಿದ್ದು ತಲೆಬರಹ ಇಲ್ಲದ ಸ್ಥಿತಿ ಅಂದ್ರೆ ಅದೇ.

ಸರಿ, ಮಾಡೋದೇನು?

ಒಂದನೇ ಮಾತು. ಕೆಟ್ಟ ಫೈಲನ್ನು ಮುಟ್ಟೋ ಮೊದಲು ಅದರ ಒಂದು ನಕಲು ಮಾಡಿ ಬೇರೆ ಕಡೆ ಇಡಿ. ಏನೇ ಪ್ರಯೋಗ ಇದ್ದರೂ ನಕಲಿನ ಮೇಲೆ. ಮೂಲ ಹಾಗೇ ಇರಲಿ. ಹೆಸರಿನ ಕೊನೆ ಬದಲಾಯಿಸೋದು, ಸೇವ್ ಒತ್ತೋದು, ಯಾವುದೂ ಮೂಲದ ಮೇಲೆ ಬೇಡ.

ಎರಡನೇದು, ಫೈಲು ನಿಜಕ್ಕೂ ಕೆಟ್ಟಿದೆಯಾ ನೋಡಿ. ಐಫೋನಿನವರು ಕಳಿಸುವ ಹೈಕ್ ಅನ್ನೋ ಜಾತಿಯ ಫೈಲು ಹಳೇ ಕಂಪ್ಯೂಟರಲ್ಲಿ ತೆರೆಯಲ್ಲ. ಅದು ಕೆಟ್ಟದ್ದಲ್ಲ, ಓದೋಕೆ ಬೇರೆ ಸಾಫ್ಟ್‌ವೇರ್ ಬೇಕು ಅಷ್ಟೇ. ಒಂದರಲ್ಲಿ ತೆರೆಯದ್ದು ಇನ್ನೊಂದರಲ್ಲಿ ತೆರೆದ ಉದಾಹರಣೆ ಬೇಕಾದಷ್ಟಿವೆ.

ಮೂರನೇದು, ಫೈಲಿನ ತೂಕ ನೋಡಿ. ಸೊನ್ನೆ ಕೆಬಿ ಅಂತಿದ್ದರೆ ಅದರೊಳಗೆ ಏನೂ ಇಲ್ಲ, ಅದು ಖಾಲಿ ಚೀಲ. ಆಗ ಹುಡುಕಬೇಕಾದ್ದು ಫೈಲನ್ನಲ್ಲ, ಅದು ಬಂದ ಮೆಮೊರಿ ಕಾರ್ಡನ್ನು. ಅದೇ ಕ್ಯಾಮೆರಾದ ಬೇರೆ ಫೋಟೊಗಳಷ್ಟೇ ತೂಕ ಇದ್ದರೆ ಆಸೆ ಇದೆ. ಹೆಕ್ಸ್ ಎಡಿಟರ್ ಅಂತ ಬಿಟ್ಟಿ ಸಾಫ್ಟ್‌ವೇರ್ ಸಿಗ್ತವೆ, ಫೈಲಿನ ಒಂದೊಂದು ಬೈಟನ್ನೂ ಅಂಕಿಯಲ್ಲಿ ತೋರಿಸ್ತವೆ. ಅದರಲ್ಲಿ ತೆರೆದಾಗ ಉದ್ದಕ್ಕೂ ಬರೀ ಸೊನ್ನೆಯೇ ಕಂಡರೆ ಅಲ್ಲಿ ಚಿತ್ರವಿಲ್ಲ. ಕಲಸುಮೇಲೋಗರದ ಅಂಕಿ ತುಂಬಿದ್ದರೆ ಒಡಲು ಉಳಿದಿರೋ ಲಕ್ಷಣ.

ಒಡಲಿದ್ದು ತಲೆ ಮಾತ್ರ ಕೆಟ್ಟಿದ್ದರೆ ಒಂದು ಉಪಾಯ. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ, ಅದೇ ಅಡ್ಡ ಅಥವಾ ಉದ್ದ ಹಿಡಿದು ತೆಗೆದ ಒಂದು ಒಳ್ಳೆ ಫೋಟೊ ಹುಡುಕಿ. ಅದರ ತಲೆಭಾಗವನ್ನು, ಅಂದರೆ ಚಿತ್ರದ ಎಳೆ ಶುರುವಾಗುವ ಎಫ್‌ಎಫ್ ಡಿಎ ಗುರುತಿನ ಭಾಗದವರೆಗೆ, ನಕಲು ತೆಗೆದು ಕೆಟ್ಟ ಫೈಲಿನ ಒಡಲಿಗೆ ಜೋಡಿಸಬೇಕು. ಒಂದೇ ದಿನ ಒಂದೇ ಕ್ಯಾಮೆರಾದಲ್ಲಿ ತೆಗೆದ ಫೋಟೊಗಳ ಕೋಷ್ಟಕ ಸಾಮಾನ್ಯವಾಗಿ ಹೊಂದಿಕೊಳ್ತವೆ. ಒಡಹುಟ್ಟಿದವನ ತಲೆಬರಹ ತಂದು ಕೆಟ್ಟವನನ್ನು ಎಬ್ಬಿಸಿದಂಗೆ. ಅದಕ್ಕೇ ಹೇಳೋದು, ಒಂದು ಫೋಟೊ ತೆರೆಯಲಿಲ್ಲ ಅಂತ ಜತೆಯ ಫೋಟೊಗಳನ್ನು ಅಳಿಸಬೇಡಿ. ಮಸುಕಾಗಿ ಬಂದದ್ದು, ಯಾರದ್ದೋ ಕಾಲು ಬಂದದ್ದು, ಎಲ್ಲಾ ಇರಲಿ. ಕೆಲಸಕ್ಕೆ ಬಾರದ ಫೋಟೊ ಇನ್ನೊಂದರ ಜೀವ ಉಳಿಸಬಹುದು.

ಕೆಲವು ಫೋಟೊ ತೆರೆಯುತ್ತವೆ, ಆದರೆ ಅರ್ಧದಿಂದ ಕೆಳಕ್ಕೆ ಬೂದು ಬಣ್ಣ. ಕಾಪಿ ಆಗುವಾಗ ಮಧ್ಯೆ ಕಾರ್ಡು ಕಿತ್ತಿದ್ದಾರೆ, ಮಿಕ್ಕಿದ್ದು ಬಂದೇ ಇಲ್ಲ. ಇನ್ನು ಕೆಲವು ಅರ್ಧದಿಂದ ಆಚೆಗೆ ಹಸಿರೋ ನೇರಳೆಯೋ ಆಗಿ ಪಕ್ಕಕ್ಕೆ ಸರಿದಿರ್ತವೆ. ಕಾರಣ ಏನಂದ್ರೆ ಪ್ರತಿ ಚೌಕದ ಬೆಳಕನ್ನು ಹಿಂದಿನ ಚೌಕಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಮ್ಮಿ ಅಂತ ಬರೆದಿರ್ತಾರೆ. ನಡುವೆ ಒಂದು ತಪ್ಪಾದರೆ ಅಲ್ಲಿಂದ ಮುಂದಿನ ಲೆಕ್ಕವೆಲ್ಲಾ ತಪ್ಪು. ಒಂದು ತಲೆಮಾರಿನ ಕಥೆ ತಪ್ಪು ಹೇಳಿದರೆ ಮುಂದಿನ ತಲೆಮಾರೆಲ್ಲಾ ತಪ್ಪಾಗಿ ಕಾಣ್ತದಲ್ಲ, ಹಂಗೆ. ಇಂಥಾ ಕಡೆ ತಪ್ಪಾದ ಜಾಗ ಗುರುತಿಸಿ ಲೆಕ್ಕ ಸರಿಮಾಡಿದರೆ ಕೆಳಗಿನದ್ದು ತಕ್ಕಮಟ್ಟಿಗೆ ಬಣ್ಣಕ್ಕೆ ಬರ್ತದೆ. ಏನೂ ಆಗಲಿಲ್ಲ ಅಂದರೂ ಎಷ್ಟೋ ಕ್ಯಾಮೆರಾಗಳು ಫೈಲಿನ ತಲೆಭಾಗದೊಳಗೇ ಉಗುರಿನಷ್ಟು ಚಿಕ್ಕದೊಂದು ನಕಲು ಚಿತ್ರ ಇಟ್ಟಿರ್ತವೆ, ಸಾಮಾನ್ಯವಾಗಿ 160ಕ್ಕೆ 120 ಚುಕ್ಕಿಯದ್ದು. ಬ್ಯಾನರ್‌ಗೆ ಬರಲ್ಲ. ಆದರೆ ವೇದಿಕೆ ಮೇಲೆ ಎಷ್ಟು ಜನ ಕೂತಿದ್ದರು ಅಂತ ಹೇಳೋಕೆ ಸಾಕು.

ಕಾರ್ಡು ಫಾರ್ಮ್ಯಾಟ್ ಆಗಿಹೋಯ್ತು ಅಂತ ಅಳುವವರಿಗೆ ಒಂದು ಮಾತು. ಸಾಮಾನ್ಯವಾಗಿ ಫಾರ್ಮ್ಯಾಟ್ ಆದಾಗ ಅಳಿಯೋದು ಪಟ್ಟಿ. ಯಾವ ಫೋಟೊ ಎಲ್ಲಿದೆ ಅನ್ನೋ ಪಟ್ಟಿ ಹೋಗ್ತದೆ, ಫೋಟೊ ಇದ್ದಲ್ಲೇ ಇರ್ತದೆ, ಅದರ ಮೇಲೆ ಹೊಸದು ಬೀಳೋವರೆಗೆ. ಆದ್ದರಿಂದ ಆ ಕಾರ್ಡಿನಲ್ಲಿ ಮತ್ತೊಂದು ಫೋಟೊ ತೆಗೆಯಬೇಡಿ, ಆಚೆ ತೆಗೆದಿಡಿ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಅನ್ನೋರು ಬರೆದ ಫೋಟೊರೆಕ್ ಅನ್ನೋ ಬಿಟ್ಟಿ ಸಾಫ್ಟ್‌ವೇರ್ ಇದೆ. ಅದು ಪಟ್ಟಿಯನ್ನು ನಂಬಲ್ಲ. ಕಾರ್ಡನ್ನು ಮೊದಲಿಂದ ಕೊನೆವರೆಗೆ ಗುಡಿಸಿ, ಎಲ್ಲಿ ಫೋಟೊದ ಮೊದಲ ಗುರುತು ಕಾಣ್ತದೋ ಅಲ್ಲಿಂದ ಎತ್ತಿ ಕೊಡ್ತದೆ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ತುಂಬಬೇಡಿ, ಬೇರೆ ಡಿಸ್ಕಿಗೆ ಹಾಕಿ.

ಹಿಂಗೆ ಸಿಕ್ಕ ಫೈಲುಗಳಿಗೆ ಮೊದಲಿದ್ದ ಹೆಸರು ಇರಲ್ಲ. ಬರೀ ನಂಬರು. ನೂರಾರು ಫೋಟೊ, ಮುಖ ಇದೆ, ಹೆಸರಿಲ್ಲ. ಥರ್ಸ್ಟನ್‌ನ ಪುಸ್ತಕದಲ್ಲಿ ನಾವು ಹೆಂಗಿದ್ದೆವೋ ಹಂಗೇ. ಇಲ್ಲಿಗೆ ಸಾಫ್ಟ್‌ವೇರ್ ಕೆಲಸ ಮುಗೀತು, ಚಳವಳಿಯ ಕೆಲಸ ಶುರು. ಆ ಫೋಟೊ ತಗೊಂಡು ಹಿರಿಯರ ಮನೆಗೆ ಹೋಗಬೇಕು. "ಇವರ್ಯಾರು ತಾತ? ಧ್ವಜ ಹಿಡಿದಿರೋ ಈ ಅವ್ವ ಯಾರ ಮನೆಯವರು?" ಅಂತ ಕೂತು ಕೇಳಿ ಬರೆಯಬೇಕು. ಆ ಹಿರಿಯರು ಇನ್ನೆಷ್ಟು ವರ್ಷ ಇರ್ತಾರೆ? ಫೈಲನ್ನು ಮುಂದಿನ ವರ್ಷವೂ ರಿಪೇರಿ ಮಾಡಬಹುದು. ಹೆಸರು ಹೇಳೋ ಬಾಯಿ ಮುಂದಿನ ವರ್ಷಕ್ಕೆ ಕಾಯಲ್ಲ.

ಇನ್ನು ಮಾಡಬಾರದ್ದು. ಇದಕ್ಕೆ ಬಾಬಾಸಾಹೇಬರ ಕಾಗದಪತ್ರಗಳ ಕಥೆಗಿಂತ ದೊಡ್ಡ ಪಾಠ ಇಲ್ಲ.

1956ರ ಡಿಸೆಂಬರ್ 6ರಂದು ಬಾಬಾಸಾಹೇಬರು ತೀರಿಕೊಂಡಾಗ ದೆಹಲಿಯ 26, ಅಲಿಪುರ ರಸ್ತೆಯ ಮನೆಯಲ್ಲಿ ಅವರ ಅಚ್ಚಾಗದ ಬರಹಗಳ ರಾಶಿಯೇ ಇತ್ತು. 1967ರಲ್ಲಿ ಆ ಮನೆ ಖಾಲಿ ಮಾಡಿಸುವಾಗ ಕಾಗದಗಳನ್ನು ಹೊರಗೆ ಹಾಕಿ, ಮಳೆಗೆ ಸಿಕ್ಕಿ ಎಷ್ಟೋ ಹಾಳಾದವು ಅಂತ ಅವರ ಜತೆ ಕೆಲಸ ಮಾಡಿದ ನಾನಕ್ ಚಂದ್ ರತ್ತು ಬರೆದಿದ್ದಾರೆ. ಉಳಿದವು ಸರ್ಕಾರದ ಕಸ್ಟಡಿಯಲ್ಲಿ ಪೆಟ್ಟಿಗೆಯೊಳಗೆ ವರ್ಷಗಟ್ಟಲೆ ಇದ್ದವು. ಆಮೇಲೆ ವಸಂತ ಮೂನ್ ಅವರು ಆ ಹಾಳೆಗಳನ್ನು ಒಂದೊಂದಾಗಿ ಜೋಡಿಸಿದರು. ಮಹಾರಾಷ್ಟ್ರ ಸರ್ಕಾರದ ಬರಹ-ಭಾಷಣಗಳ ಮೊದಲ ಸಂಪುಟ 1979ರ ಏಪ್ರಿಲ್ 14ಕ್ಕೆ ಬಂತು. ಆ ಸಂಪುಟಗಳೇ ಕನ್ನಡಕ್ಕೂ ಬಂದು ನಾವು ನೀವು ಓದಿದ್ದು.

ಅಚ್ಚಾಗದ ಬರಹಗಳಿರುವ ಸಂಪುಟಗಳನ್ನು ತೆಗೆದು ನೋಡಿ. ಎಲ್ಲಿ ಪುಟ ಸಿಕ್ಕಿಲ್ಲವೋ ಅಲ್ಲಿ ಸಿಕ್ಕಿಲ್ಲ ಅಂತ ಟಿಪ್ಪಣಿ ಇದೆ. ಎಲ್ಲಿ ಅಧ್ಯಾಯ ಅರ್ಧಕ್ಕೆ ನಿಂತಿದೆಯೋ ಅಲ್ಲಿ ಅಪೂರ್ಣ ಅಂತ ಇದೆ. "ಬಾಬಾಸಾಹೇಬರು ಇಲ್ಲಿ ಹಿಂಗೆ ಬರೆದಿರಬಹುದು" ಅಂತ ಒಂದು ಸಾಲನ್ನೂ ಸಂಪಾದಕರು ತಾವೇ ತುಂಬಲಿಲ್ಲ. ರಿಪೇರಿ ಅಂದ್ರೆ ಇದು. ಉಳಿದದ್ದನ್ನು ಸರಿಯಾಗಿ ಜೋಡಿಸೋದು, ಹೋದದ್ದನ್ನು ಹೋಯ್ತು ಅಂತ ಬರೆಯೋದು.

ಈಗ ಎ.ಐ. ಆ್ಯಪ್‌ಗಳು ಬಂದಿವೆ. ಮಸುಕಾದ ಫೋಟೊ ಹಾಕಿದರೆ ಚಕ್ಕಂತ ಹೊಳೆಯೋ ಮುಖ ಕೊಡ್ತವೆ. ಬೂದು ಬಂದ ಜಾಗಕ್ಕೆ ಜನ ತುಂಬಿಸಿಕೊಡ್ತವೆ. ಆ ಮುಖ ಯಾರದ್ದು? ನಮ್ಮ ಅಜ್ಜಿಯದ್ದಲ್ಲ. ಸಾವಿರಾರು ಬೇರೆ ಮುಖ ನೋಡಿದ ಯಂತ್ರ ಅಂದಾಜು ಮಾಡಿದ್ದು. ಬಣ್ಣ ತಿಳಿ ಮಾಡ್ತದೆ, ಮೂಗು ತಿದ್ದುತ್ತದೆ. ನೂರು ವರ್ಷದ ಹಿಂದೆ ಮೂಗು ಅಳೆದವರಾಯ್ತು, ಈಗ ಮೂಗು ಬದಲಾಯಿಸೋರು. ಮನೆ ಗೋಡೆಗೆ ಬೇಕಾದರೆ ಹಾಕಿಕೊಳ್ಳಿ, ಚರಿತ್ರೆ ಅಂತ ಹಂಚಬೇಡಿ. ನಾಳೆ ಒಬ್ಬ ಬಂದು "ಇದು ಎ.ಐ. ಫೋಟೊ, ಇಂಥಾ ಹೋರಾಟ ನಡೆದೇ ಇಲ್ಲ" ಅಂದರೆ ಅಸಲಿ ಫೋಟೊಗಳ ಮೇಲೂ ಅನುಮಾನ ಬೀಳ್ತದೆ. ಅವರಿಗೆ ಅಷ್ಟು ಸಾಕು.

ದೌರ್ಜನ್ಯದ ಫೋಟೊ ಆದರೆ ಇನ್ನೂ ಎಚ್ಚರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ ನಮೂದಿಸಬೇಕು. ಹ್ಯಾಶ್ ಅಂದ್ರೆ ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದಂಗೆ. ಒಂದು ಬೈಟು ಬದಲಾದರೂ ಗುರುತು ಬದಲಾಗ್ತದೆ. ಹಂಗಾಗಿ ಕೇಸಿಗೆ ಬೇಕಾದ ಫೈಲು ತೆರೆಯದಿದ್ದರೆ ನೀವೇ ಕೈಹಾಕಬೇಡಿ. ಕಾರ್ಡು, ಮೊಬೈಲು ಹಾಗೇ ಎತ್ತಿಟ್ಟು, ವಕೀಲರ ಮೂಲಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುವಂತೆ ನೋಡಿಕೊಳ್ಳಿ. ಇಂಟರ್ನೆಟ್ಟಿನಲ್ಲಿ "ಬಿಟ್ಟಿ ರಿಪೇರಿ" ಅನ್ನೋ ಗೊತ್ತಿಲ್ಲದ ಜಾಗಕ್ಕೆ ಸಂತ್ರಸ್ತರ ಫೋಟೊ ಏರಿಸಲೇಬೇಡಿ. ಅದು ಎಲ್ಲಿಗೆ ಹೋಗ್ತದೆ ಅನ್ನೋದು ನಮ್ಮ ಕೈಲಿರಲ್ಲ. ಅಂದಹಾಗೆ, ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣಗಳ ನಡಾವಳಿಯನ್ನೆಲ್ಲಾ ವಿಡಿಯೊ ಮಾಡಬೇಕು ಅಂತ 2015ರ ತಿದ್ದುಪಡಿಯ 15ಎ ಕಲಮಿನ 10ನೇ ಉಪಕಲಂ ಹೇಳ್ತದೆ. ನಿಮ್ಮ ಕೇಸಿನಲ್ಲಿ ಆಗ್ತಿದೆಯಾ, ಕೇಳಿ.

ಕೊನೇ ಮಾತು, ಉಳಿಸಿಕೊಳ್ಳೋದರ ಬಗ್ಗೆ. ನಮ್ಮ ಸೀಮೆಯ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆಯನ್ನು ರಾತ್ರಿಯಿಡೀ ಹಾಡ್ತಾರೆ. ವಿದ್ವಾಂಸರು ಬಂದು ಬರೆದುಕೊಳ್ಳೋ ಮೊದಲು ಆ ಕಾವ್ಯ ಇದ್ದದ್ದು ಯಾವ ಕಾಗದದಲ್ಲಿ? ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ, ಊರಿಂದ ಊರಿಗೆ, ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಕೂಡಿ ಮತ್ತೆ ಚದುರಿ. ಒಬ್ಬ ಮರೆತದ್ದು ಇನ್ನೊಬ್ಬನಲ್ಲಿತ್ತು. ಅಕ್ಷರ ಕೊಡದೇ ಇಟ್ಟವರ ನಡುವೆ ಅಷ್ಟು ದೊಡ್ಡ ಕಾವ್ಯ ಉಳಿದದ್ದು ಒಂದೇ ಕಾರಣಕ್ಕೆ: ಅದು ಯಾವತ್ತೂ ಒಂದೇ ಕಡೆ ಇರಲಿಲ್ಲ.

ಫೋಟೊಗೂ ಅದೇ ಸೂತ್ರ. ಮೂರು ನಕಲು, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಬೇರೆ ಊರಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿ, ದಿನಾಂಕ-ಕ್ಯಾಮೆರಾ ವಿವರ ತೆಗೆದುಹಾಕ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಹಳೇ ಸಿ.ಡಿ.ಗಳನ್ನು ಈ ತಿಂಗಳೇ ಡಿಸ್ಕಿಗೆ ಇಳಿಸಿ, ಬಿಸಿಲು ತೇವಕ್ಕೆ ಅವು ಕೆಡ್ತವೆ. ಪ್ರತಿ ಸಂಘದವರೂ ಒಂದು ನೋಟ್‌ಬುಕ್ ಇಡಿ: ಫೈಲ್ ನಂಬರು, ಊರು, ದಿನ, ಎಡದಿಂದ ಬಲಕ್ಕೆ ನಿಂತವರ ಹೆಸರು. ಮುಖ್ಯವಾಗಿ ಹೆಣ್ಣುಮಕ್ಕಳ ಹೆಸರು, ಅವರ ಸ್ವಂತ ಹೆಸರು. "ಇಂಥವರ ಹೆಂಡತಿ" ಅಂತ ಬೇಡ. ಸರಿಮಾಡಿದ ಫೋಟೊ ಆದರೆ ಎಲ್ಲಿ ಸರಿಮಾಡಿದ್ದು, ಎಲ್ಲಿ ಹಾಳಾಗಿದೆ ಅಂತಲೂ ಒಂದು ಸಾಲು ಬರೆಯಿರಿ.

ನಮ್ಮ ಹಿಂದಿನವರ ಫೋಟೊ ಕೆಳಗೆ ಜಾತಿ ಬರೆದು ಹೋದರು. ಈಗ ಬರೆಯೋ ಪೆನ್ನು ನಮ್ಮ ಕೈಲಿದೆ, ಹೆಸರು ಬರೆಯೋಣ.

ಯಾರ ಹತ್ತಿರ ತೆರೆಯದ ಫೈಲು, ಕೆಟ್ಟ ಕಾರ್ಡು ಇದೆಯೋ ಅಳಿಸದೆ ಇಟ್ಟುಕೊಳ್ಳಿ. ಈ ಬರಹವನ್ನು ನಿಮ್ಮೂರಿನ ಸಂಘದ ಗ್ರೂಪಿಗೂ ಹಾಕಿ.

ಜೈಭೀಮ್.